ಪಥ್ಯದ ತಾಟು

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮವ್ವ ಖಾನಾವಳಿ ನಡೆಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಉಣ್ಣುವವರ ಸಾಲು. ಹಿಂದಿನ ಕೋಣೆಯಲ್ಲಿ ಒಲೆ, ಜೋಳದ ಹಿಟ್ಟಿನ ಡಬ್ಬಿ, ನಾವಿಬ್ಬರು. ನಾನು ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದ. ಒಡಹುಟ್ಟಿದವರು ಯಾರೂ ಇಲ್ಲ. ಬಸ್ಸಿನವರು, ಹತ್ತಿ ಮಾರಲು ಬಂದವರು, ಕೋರ್ಟಿನ ತಾರೀಖಿಗೆ ಬಂದವರು, ಹೀಗೆ ದಿನಾ ಮನೆ ತುಂಬ ಮಂದಿ. ಅಷ್ಟು ಮಂದಿಯ ನಡುವೆ ಒಬ್ಬಂಟಿಯಾಗಿ ಬೆಳೆದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ, ನಕ್ಕವರೇನು ನನ್ನ ಪಕ್ಕ ಕುಂತು ಉಂಡವರಲ್ಲ.

ನನ್ನ ತಲೆಯ ಕಥೆ ಮೊದಲು ಹೇಳಿಬಿಡುತ್ತೇನೆ. ಆಮೇಲೆ ಹೇಳುತ್ತೇನೆಂದು ಇಟ್ಟದ್ದನ್ನೆಲ್ಲ ನಾನು ಮರೆಯುತ್ತೇನೆ. ತೊಂಬತ್ತರ ದಶಕದಲ್ಲಿ ಸಣ್ಣವಳು ನಾನು. ಅವ್ವ ಉಪ್ಪು ತರಲು ಕಳಿಸಿದರೆ ಅಂಗಡಿಯ ತನಕ ನೆಟ್ಟಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಹತ್ತಿ ಹೇರಿದ ಗಾಡಿ ಎದುರಾಯಿತೋ, ಮುಗಿಯಿತು. ಅದರ ಹಿಂದೆ ಜಿನ್ನಿಂಗ್ ಫ್ಯಾಕ್ಟರಿಯ ತನಕ ನಡೆದು, ಅರಳೆ ಹಾರುವುದನ್ನು ನೋಡುತ್ತ ನಿಂತು, ಹೊತ್ತು ಇಳಿದ ಮೇಲೆ ಬರಿಗೈಲಿ ಮನೆ ಸೇರುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ನೋಡಿಕೋ ಎಂದರೆ ನೋಡುತ್ತ ನೋಡುತ್ತಲೇ ಸುಟ್ಟುಬಿಡುತ್ತಿದ್ದೆ. ಶಾಲೆಯಲ್ಲಿ ಹೊರಗಿನ ಎಲ್ಲ ಸದ್ದೂ ಕೇಳುತ್ತಿತ್ತು, ಪಾಠ ಒಂದನ್ನು ಬಿಟ್ಟು. ಓಣಿಯ ಹುಡುಗಿಯರು ಆಟಕ್ಕೆ ಕರೆಯುವುದನ್ನೇ ಬಿಟ್ಟರು, ಏಕೆಂದರೆ ನನ್ನ ಸರದಿ ಬಂದಾಗ ನಾನು ಅಲ್ಲಿ ಇರುತ್ತಿರಲಿಲ್ಲ. ಎಲ್ಲರಿಗೂ ನಾನು "ಹುಚ್ಚ ಖೋಡಿ". ಅವ್ವನೂ ಹಾಗೇ ಕರೆಯುತ್ತಿದ್ದಳು, ಆದರೆ ಕರೆದ ಮೇಲೆ ತಲೆ ಸವರುತ್ತಿದ್ದಳು.

ಅವ್ವ ಕೈಕಟ್ಟಿ ಕುಂತವಳಲ್ಲ. ಸವದತ್ತಿ ಗುಡ್ಡಕ್ಕೆ ಕರೆದೊಯ್ದು ಹಣೆಗೆ ಭಂಡಾರ ಹಚ್ಚಿಸಿದಳು. ಮನೋಳಿಯ ಹೊಳೆದಂಡೆಯಲ್ಲಿದ್ದ ಒಬ್ಬ ನಾಟಿ ವೈದ್ಯನಿಂದ ಬೇರಿನ ಪುಡಿ ತಂದು ಜೇನಿನಲ್ಲಿ ನೆಕ್ಕಿಸಿದಳು. ಆ ಪುಡಿಗಿಂತ ಅದರ ಪಥ್ಯವೇ ದೊಡ್ಡದಿತ್ತು. ಬದನೆಕಾಯಿ ಇಲ್ಲ, ಶೇಂಗಾ ಇಲ್ಲ, ಮೊಸರು ಮಜ್ಜಿಗೆ ಇಲ್ಲ, ಬೆಲ್ಲ ಇಲ್ಲ, ಹುಳಿ ಇಲ್ಲ, ಎಣ್ಣೆಯ ಒಗ್ಗರಣೆ ಇಲ್ಲ. ಒಂದು ದಿನ ನಾಲಿಗೆ ತಡೆಯಲಾರದೆ ಅರ್ಧ ಶೇಂಗಾ ಹೋಳಿಗೆ ಕದ್ದು ತಿಂದೆ. ಪುಡಿ ಕೆಲಸ ಮಾಡಲಿಲ್ಲ. ಅದಕ್ಕೆ ಆ ಅರ್ಧ ಹೋಳಿಗೆಯೇ ಕಾರಣವೆಂದು ಅವ್ವ ನಂಬಿದಳು, ಇವತ್ತಿಗೂ ನಂಬುತ್ತಾಳೆ. "ಔಷಧ ಅರ್ಧಾ, ಪಥ್ಯ ಅರ್ಧಾ. ನೀ ಅರ್ಧಾ ಕೆಡಿಸಿದಿ ನೋಡು," ಎಂದು ಹಣೆ ಹಣೆ ಬಡಿದುಕೊಂಡಳು. ನಾನೂ ಅದನ್ನೇ ನಂಬಿದೆ.

ಹೈಸ್ಕೂಲಿಗೆ ಬಂದ ಮೇಲೆ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ವಿಜ್ಞಾನ ಕಲಿಸುವ ಅಕ್ಕೋರು ಅವ್ವನನ್ನು ಕರೆಸಿ ಧಾರವಾಡದ ಒಬ್ಬ ಡಾಕ್ಟರಬಾಯಿಗೆ ತೋರಿಸಲು ಹೇಳಿದರು. ಖಾನಾವಳಿಯ ಬಾಗಿಲು ಹಾಕಿ ಹೋದೆವು. ಡಾಕ್ಟರಬಾಯಿ ಬಹಳ ಹೊತ್ತು ನನ್ನೊಡನೆ ಮಾತಾಡಿದರು. ನಾನು ಅವರ ಫ್ಯಾನಿನ ಬಗ್ಗೆ, ಗೋಡೆಯ ಹಲ್ಲಿಯ ಬಗ್ಗೆ, ನಮ್ಮ ಓಣಿಯ ಎಮ್ಮೆಯ ಬಗ್ಗೆ ಹೇಳಿದೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳಲಿಲ್ಲ. ಅವರು ನಕ್ಕು, ಅವ್ವನ ಕಡೆ ತಿರುಗಿದರು.

"ಹುಡುಗಿ ಶ್ಯಾಣ್ಯಾ ಅದಾಳ್ರಿ. ಬುದ್ಧಿ ಕಡಿಮಿ ಇಲ್ಲ. ಗಮನ ಒಂದ ಕಡೆ ನಿಲ್ಲಂಗಿಲ್ಲ, ಅಷ್ಟ. ಇದಕ್ಕ ಗುಳಿಗಿ ಅದಾವ. ಸಾಲಿ ಇದ್ದ ದಿನಾ ಮುಂಜಾನೆ ಒಂದ ಕೊಡ್ರಿ."

ಅವ್ವನ ಕಣ್ಣು ತುಂಬಿಬಿಟ್ಟವು. ಮಗಳು ಹುಚ್ಚಿಯಲ್ಲ ಎಂದು ಓದಿದವರೊಬ್ಬರ ಬಾಯಿಂದ ಅವಳು ಮೊದಲ ಸಲ ಕೇಳಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಪಥ್ಯ ಏನ್ರಿ ಬಾಯಾರ?" ಎಂದಳು.

"ಏನೂ ಇಲ್ರಿ," ಎಂದರು ಅವರು. ಹೊರಗೆ ಬೆಂಚಿನ ತುಂಬ ಮಂದಿ ಕಾಯುತ್ತಿದ್ದರು. ಚೀಟಿ ಬರೆದು ಕೊಟ್ಟರು, ಬಡವರೆಂದು ಫೀಸು ಕೇಳಲಿಲ್ಲ.

ಫೀಸು ಬಿಟ್ಟರೇನು, ಗುಳಿಗೆ ಯಾರು ಬಿಡುತ್ತಾರೆ? ಅಲ್ಲಿನ ಔಷಧಿ ಅಂಗಡಿಯವನು ಬೆಲೆ ಹೇಳಿದಾಗ ಅವ್ವ ಚೀಟಿಯನ್ನು ವಾಪಸು ಇಸಿದುಕೊಂಡು, ಬೇರೆ ಯಾರದೋ ಚೀಟಿ ನೋಡಿ ಹೇಳಿದನೇನೋ ಎಂಬಂತೆ ತಿರುಗಿಸಿ ನೋಡಿದಳು. ಓದಲು ಬಾರದವಳು ಏನು ನೋಡಿದಳೋ. ಕೊನೆಗೆ ಗುಳಿಗೆಯ ಪಟ್ಟಿಯಿಂದ ಒಂದು ವಾರಕ್ಕಾಗುವಷ್ಟು ಕತ್ತರಿಸಿ ಕೊಡಿ ಎಂದಳು. ಅವನು ಕತ್ತರಿಯಿಂದ ಕತ್ತರಿಸಿ, ಚೀಟಿಯ ಹಿಂದೆ ಬರೆದು ಕೊಟ್ಟ. ಈ ಗುಳಿಗೆ ಚೀಟಿ ಇಲ್ಲದೆ ಕೊಡುವುದಲ್ಲವೆಂದೂ, ತಿಂಗಳಿಗೊಂದು ಹೊಸ ಚೀಟಿ ಬೇಕೆಂದೂ ಹೇಳಿದ.

ಅಲ್ಲಿಂದ ಅವ್ವನ ತಿರುಗಾಟ ಶುರುವಾಯಿತು. ನಮ್ಮೂರಿನ ಔಷಧಿ ಅಂಗಡಿಯವರು ನಮ್ಮಲ್ಲೇ ಉಣ್ಣುವವರು. ಗುಳಿಗೆ ಇಲ್ಲೇ ತರಿಸಿಕೊಡಲು ಅವರನ್ನು ಕೇಳಿದಳು. ಅವರು ನಿಜವಾಗಿಯೂ ವಿಚಾರಿಸಿಕೊಂಡು ಬಂದು ಹೇಳಿದರು:

"ಅಕ್ಕಾರ, ಡಬ್ಬಿ ತರಸಿದ್ರ ನಿಮ್ಮ ಮಗಳ ಒಬ್ಬಾಕಿ ಸಲುವಾಗಿ ತರಸಬೇಕ್ರಿ. ಉಳದಿದ್ದು ತಾರೀಖು ಮುಗದು ನನ್ನ ಕೊರಳಿಗೆ ಬೀಳತಾವ. ಸಪ್ಲೈ ಮಾಡಾಂವನ್ನ ಕೇಳೇನಿ. ನಮ್ಮೂರು, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಕೂ ಊರಾಗ ಈ ಗುಳಿಗಿ ಕೇಳಿದಾಕಿ ಇವಳ ಒಬ್ಬಾಕೆಂತ."

ನಾನು ಅಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಬೇರೆ ಯಾವ ಮಾತೂ ತಲೆಯಲ್ಲಿ ನಿಲ್ಲದವಳಿಗೆ ಆ ಮಾತು ಮಾತ್ರ ನಿಂತುಬಿಟ್ಟಿತು. ನಾಲ್ಕು ಊರಿನ ಅಷ್ಟು ಶಾಲೆ, ಅಷ್ಟು ಓಣಿ, ಅಷ್ಟು ಮನೆಗಳಲ್ಲಿ ನನ್ನಂಥ ಇನ್ನೊಂದು ಖೋಡಿ ಇಲ್ಲವೇ ಇಲ್ಲ. ತಂಬಿಗೆ ಇಟ್ಟು ಹಿತ್ತಲಿಗೆ ಹೋಗಿ ಅತ್ತೆ. ಯಾಕೆ ಅಳುತ್ತೀ ಎಂದು ಕೇಳಲು ಯಾರೂ ಬರಲಿಲ್ಲ, ಅದು ಮಧ್ಯಾಹ್ನದ ಊಟದ ಹೊತ್ತು.

ಒಬ್ಬ ವಿಮಾ ಏಜೆಂಟರೂ ನಮ್ಮ ಗಿರಾಕಿ. ಅವ್ವ ಅವರಿಗೆ ಎರಡನೆಯ ರೊಟ್ಟಿ ಹಾಕುತ್ತ, "ಅಣ್ಣಾರ, ಈ ಗುಳಿಗಿ ಖರ್ಚು ನಿಮ್ಮ ಪಾಲಿಸಿಯೊಳಗ ಬರತೈತೇನ್ರಿ?" ಎಂದಳು.

"ಇಲ್ರಿ ಅಕ್ಕಾರ. ಇದು ಸತ್ತ ಮ್ಯಾಲ ಕೊಡೂದ್ರಿ. ದವಾಖಾನಿ ಖರ್ಚಿಂದು ಬ್ಯಾರೆ ಇರತೈತಿ, ಅದಕ್ಕ ದವಾಖಾನ್ಯಾಗ ಮಲಗಬೇಕು. ಮತ್ತ ತಲಿ ಜಡ್ಡಿಗೆ ಅದೂ ಕೊಡಂಗಿಲ್ಲ."

"ಹಂಗಾರ ನಿಮ್ಮ ಪಾಲಿಸಿ ನೀವ ಇಟ್ಕೊರಿ. ನಾ ಬದುಕಾಕ ಕೇಳಾಕತ್ತೇನಿ," ಎಂದು ಅವ್ವ ಸಾರಿನ ಸೌಟು ಎತ್ತಿಕೊಂಡು ಮುಂದಿನ ತಾಟಿಗೆ ಹೋದಳು. ಉಣ್ಣುತ್ತಿದ್ದವರು ನಕ್ಕರು. ಏಜೆಂಟರೂ ನಕ್ಕರು. ಸರಕಾರಿ ನೌಕರಿಯಲ್ಲಿದ್ದವರು ಔಷಧದ ಬಿಲ್ಲು ಪಾಸು ಮಾಡಿಸಿಕೊಳ್ಳುತ್ತಾರೆಂದು ಯಾರೋ ಹೇಳಿದರು. ರೊಟ್ಟಿ ಬಡಿಯುವವಳಿಗೆ ಯಾವ ಬಿಲ್ಲು, ಯಾವ ಪಾಸು.

ಕೊನೆಗೆ ದಾರಿ ಸಿಕ್ಕಿದ್ದು ಒಬ್ಬ ಕಂಡಕ್ಟರರಿಂದ. ಧಾರವಾಡದಿಂದ ಕಿತ್ತೂರಿನ ಮೇಲೆ ಬರುವ ಬಸ್ಸಿನವರು. ಡಾಕ್ಟರಬಾಯಿಗೆ ತೋರಿಸಿ ತಂದ ಚೀಟಿಯನ್ನು ಅವ್ವ ಅವರ ಕೈಗೆ ಕೊಡುವಳು. ಅವರು ವಾರಕ್ಕೊಮ್ಮೆ ಧಾರವಾಡದ ಅಂಗಡಿಯಲ್ಲಿ ಚೀಟಿ ತೋರಿಸಿ, ಕತ್ತರಿಸಿದ ಪಟ್ಟಿಯ ತುಂಡು ತಂದು ಕೊಡುವರು. ಅವರ ಊಟಕ್ಕೆ ಅವ್ವ ಹಣ ಮುಟ್ಟುತ್ತಿರಲಿಲ್ಲ. ಅವರು ಟಿಕೆಟ್ ಚೀಲದ ಒಳಜೇಬಿನಿಂದ ಆ ತುಂಡು ತೆಗೆದು, "ಹಿಡಿಯವಾ, ನಿನ್ನ ಬುದ್ಧಿ ಬಸ್ ಮ್ಯಾಲ ಬಂತು," ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ.

ಗುಳಿಗೆ ನುಂಗಿದ ಮೊದಲ ಮುಂಜಾನೆ ಏನಾಯಿತೆಂದು ಹೇಳಲೇಬೇಕು. ಅವ್ವ ಬೆಳ್ಳುಳ್ಳಿಯ ಬುಟ್ಟಿ ಮುಂದಿಟ್ಟು ಸುಲಿ ಎಂದಿದ್ದಳು. ಸುಲಿಯುತ್ತ ಕುಂತೆ. ಬಸ್ ಸ್ಟ್ಯಾಂಡಿನ ಕೂಗು ಇತ್ತು, ಎಮ್ಮೆ ಇತ್ತು, ಪಕ್ಕದ ಮನೆಯ ರೇಡಿಯೋ ಇತ್ತು. ಎಲ್ಲ ಇದ್ದವು, ಆದರೆ ಯಾವುದೂ ನನ್ನನ್ನು ಕೈಹಿಡಿದು ಎಳೆಯಲಿಲ್ಲ. ನೋಡಿದರೆ ಬುಟ್ಟಿ ಖಾಲಿ. ಹುಟ್ಟಿದಾಗಿನಿಂದ ನಾನು ಮುಗಿಸಿದ ಮೊದಲ ಕೆಲಸ ಅದು. ಅವ್ವ ಬಂದು ಬುಟ್ಟಿ ನೋಡಿ, ನನ್ನ ಹಣೆ ಮುಟ್ಟಿ ನೋಡಿ, "ಯಾಕ ಸುಮ್ನ ಕುಂತೀಬೇ? ಆರಾಮ ಇದ್ದೀಯಿಲ್ಲೊ?" ಎಂದು ಹೆದರಿಬಿಟ್ಟಳು.

ಹೆದರಿದವಳು ಸುಮ್ಮನಿರುವಳೇ? ಇಷ್ಟು ಜೋರಿನ ಔಷಧಕ್ಕೆ ಪಥ್ಯವೇ ಇಲ್ಲವೆಂದರೆ ಅವಳಿಗೆ ನಂಬಿಕೆಯಾಗಲಿಲ್ಲ. "ಪಥ್ಯ ಇಲ್ಲದ್ದು ಔಷಧ ಅಲ್ಲ, ಪೆಪ್ಪರಮಿಂಟ. ಡಾಕ್ಟರಬಾಯಿ ಗಡಿಬಿಡಿಯೊಳಗ ಹೇಳೂದು ಮರತಾರ," ಎಂದು ಮನೋಳಿಯ ಪಥ್ಯವನ್ನೇ ಈ ಗುಳಿಗೆಗೂ ಹಚ್ಚಿದಳು. ಈ ಸಲ ಅರ್ಧ ಹೋಳಿಗೆಯಷ್ಟೂ ಪಥ್ಯ ತಪ್ಪಬಾರದು. ನನಗೊಂದು ಬೇರೆ ತಾಟು ಬಂತು. ಅದರಲ್ಲಿ ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿ ಕಟ್ಟು, ಒಣ ರೊಟ್ಟಿ. ಮುಂದಿನ ಕೋಣೆಯಲ್ಲಿ ಕುಂತರೆ ಯಾರಾದರೂ ಕರುಣೆಯಿಂದ ಒಂದು ತುತ್ತು ಹಾಕಿಯಾರೆಂದು ನನ್ನ ತಾಟನ್ನು ಒಲೆಯ ಹಿಂದಿನ ಗೋಡೆಯ ಬಳಿ ಇಟ್ಟಳು.

ಗೋಡೆಯ ಆಚೆ ಅವ್ವನ ಎಣಗಾಯಿ ಬದನೆಕಾಯಿಗೆ ಮಂದಿ ಬಾಯಿ ಚಪ್ಪರಿಸುವುದು ಕೇಳುತ್ತಿತ್ತು. ಶೇಂಗಾ ಹಿಂಡಿ ಇನ್ನಷ್ಟು ಹಾಕ್ರಿ ಎನ್ನುವರು, ಮೊಸರು ಕೇಳುವರು, ನಗುವರು. ನಾನು ಗೋಡೆಗೆ ಮುಖ ಮಾಡಿ ತಿಳಿ ಕಟ್ಟು ಕಲಸುತ್ತಿದ್ದೆ. ಗುಳಿಗೆಯಿಂದ ಮೊದಲೇ ಹಸಿವು ಸತ್ತಿರುತ್ತಿತ್ತು, ಅದರ ಮೇಲೆ ಈ ಸಪ್ಪೆ. ಅರ್ಧ ಉಂಡು ಏಳುತ್ತಿದ್ದೆ. ಆದರೂ ಒಂದು ದಿನವೂ ಕದ್ದು ತಿನ್ನಲಿಲ್ಲ. ಪಾಠ ತಲೆಗೆ ಹತ್ತುತ್ತಿತ್ತು, ಲೆಕ್ಕ ಕೊನೆಯ ಸಾಲಿನ ತನಕ ಬರುತ್ತಿತ್ತು, ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಅವ್ವನೂ ಬದಲಾದಳು. ಮೊದಲೆಲ್ಲ ಪಲ್ಯದ ರಸ ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಿದ್ದವಳು, ಅದನ್ನು ಬಿಟ್ಟು ಮೂಗಿನಿಂದಲೇ ಅಂದಾಜು ಮಾಡತೊಡಗಿದಳು. ಕೈ ಪಳಗಿತು ಎಂದು ಮಂದಿ ಹೊಗಳಿದರು. ಅವಳು ಉಣ್ಣುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ. ಅವಳು ಏನು ಉಂಡಳೆಂದು ನೋಡಿದವರಿಲ್ಲ. ನಾನಂತೂ ನೋಡಲಿಲ್ಲ.

ಧಾರವಾಡದಲ್ಲಿ ಪ್ರತಿ ತಿಂಗಳೂ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಪ್ರತಿ ತಿಂಗಳೂ ಮುಳ್ಳು ಹಿಂದೆ ಹೋಗುತ್ತಿತ್ತು. "ಊಟಾ ಬರೋಬ್ಬರಿ ಕೊಡ್ತೀರಿಲ್ರಿ?" ಎಂದು ಡಾಕ್ಟರಬಾಯಿ ಕೇಳಿದರೆ, ಅವ್ವ, "ನನ್ನ ಕೈಯಾರೆ ಹಾಕ್ತೇನ್ರಿ, ಒಂದಿನಾ ತಪ್ಪಿಸಿಲ್ಲ," ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಖಾನಾವಳಿಯವಳ ಮಗಳು ಉಪವಾಸ ಬಿದ್ದಾಳೆಂದು ಯಾರು ಎಣಿಸುತ್ತಾರೆ? ಮನೆಗೆ ಬಂದ ಮೇಲೆ ಅವ್ವ ನಾನು ಕದ್ದು ತಿಂದೆನೇನೋ ಎಂದು ಸಂಶಯಪಟ್ಟು ಪಥ್ಯ ಇನ್ನೂ ಬಿಗಿ ಮಾಡುತ್ತಿದ್ದಳು. ಹತ್ತನೆಯ ಇಯತ್ತೆಯಲ್ಲಿದ್ದಾಗ, ಪರೀಕ್ಷೆಗೆ ಇನ್ನೇನು ಚಳಿಗಾಲ ಒಂದು ಉಳಿದಿತ್ತು, ಡಾಕ್ಟರಬಾಯಿ ನನ್ನ ಮಣಿಕಟ್ಟು ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಈ ಗುಳಿಗಿ ಇಕಿ ಮೈಗೆ ಒಗ್ಗವಲ್ದು. ನಿಲ್ಲಿಸೋಣ್ರಿ."

ನಿಲ್ಲಿಸಿದರು. ಪಥ್ಯವೂ ನಿಂತಿತು. ಅವ್ವ ನನ್ನನ್ನು ಮುಂದಿನ ಕೋಣೆಯಲ್ಲಿ ಕುಂಡಿಸಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿದಳು. ಕೆಲವೇ ದಿನಗಳಲ್ಲಿ ಗಲ್ಲ ತುಂಬಿದವು. "ನೋಡ್ರಿ, ಆ ಗುಳಿಗಿ ನಮ್ಮ ಕೂಸಿನ್ನ ತಿಂದ ಬಿಟ್ಟಿತ್ತು," ಎಂದು ಅವ್ವ ಕಂಡಕ್ಟರರಿಗೆ ಹೇಳಿದಳು. ಮೈ ತುಂಬಿತು, ತಲೆ ಖಾಲಿಯಾಯಿತು. ಎಮ್ಮೆ, ರೇಡಿಯೋ, ಬಸ್ಸಿನ ಕೂಗು ಎಲ್ಲ ವಾಪಸು ಬಂದು ಮೈಮೇಲೆ ಬಿದ್ದವು. ಪರೀಕ್ಷೆಯಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಜೊತೆಯವರು ಕಾಲೇಜಿಗೆ ಹೋದರು. ನಾನು ರೊಟ್ಟಿ ಸುಡುತ್ತ ಉಳಿದೆ.

ಹೇಗೋ ಪಾಸಾಗಿ, ಟೈಪಿಂಗ್ ಕಲಿತು, ಆ ದಶಕ ಮುಗಿಯುವ ಹೊತ್ತಿಗೆ ರಾಮದುರ್ಗದಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಒಂದು ಬಾಡಿಗೆ ಕೋಣೆ, ಒಂದು ಸ್ಟವ್, ಮಾತಾಡಲು ಗೋಡೆ. ಲಗ್ನದ ಕಾರ್ಡಿನಲ್ಲಿ ಮದುಮಗನ ಅಪ್ಪನ ಹೆಸರನ್ನು ಮದುಮಗನ ಜಾಗದಲ್ಲಿ ಹೊಡೆದು ಅಚ್ಚು ಮಾಡಿಸಿಬಿಟ್ಟ ದಿನ ಮಾಲಕರು, "ಇನ್ನೊಮ್ಮೆ ಹಿಂಗಾದ್ರ ನೀ ಊರಿಗೆ ಹೋಗವಾ," ಎಂದರು. ಕೆಲಸ ಹೋದರೆ ನನಗೆ ಮತ್ತೆ ಆ ಒಲೆಯ ಹಿಂದಿನ ಗೋಡೆಯೇ ಗತಿ. ಮರುದಿನವೇ ರಜೆ ಹಾಕಿ, ಅವ್ವನಿಗೆ ಹೇಳದೆ, ಒಬ್ಬಳೇ ಧಾರವಾಡದ ಬಸ್ಸು ಹತ್ತಿದೆ.

ಅದೇ ಡಾಕ್ಟರಬಾಯಿ, ತಲೆ ಬೆಳ್ಳಗಾಗಿತ್ತು. ಈಗ ಅದೇ ಔಷಧ ಬೇರೆ ಕಂಪನಿಯದು ಸೋವಿಯಾಗಿ ಬಂದಿದೆ ಎಂದು ಬರೆದುಕೊಟ್ಟರು. "ಉಂಡು ತಗೋ. ಹಸಿವಿ ಸಾಯತೈತಿ, ಅದಕ್ಕ ಶೇಂಗಾ, ಮೊಸರು, ಬೆಲ್ಲ, ಏನ ಸಿಕ್ಕತಿ ಅದನ್ನ ಜಗ್ಗಿ ತಿನ್ನು," ಎಂದರು.

"ಮತ್ತ ಪಥ್ಯರಿ?"

"ಯಾವ ಪಥ್ಯ?"

ನಾನು ಹೇಳಿದೆ. ಆ ತಾಟಿನಲ್ಲಿ ಇದ್ದದ್ದು, ಇಲ್ಲದ್ದು ಎಲ್ಲ. ಅವರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. "ಅಯ್ಯ ತಾಯಿ. ಅಷ್ಟ ಉಂಡ್ರ ಗುಳಿಗಿ ಇಲ್ಲದನೂ ಸೊರಗತಿದ್ದೆಲ್ಲ," ಎಂದರು.

ರಾಮದುರ್ಗಕ್ಕೆ ಬಂದು, ಸಿಗುವುದಿಲ್ಲವೆಂದು ಗೊತ್ತಿದ್ದೂ, ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟೆ. ಅಂಗಡಿಯವರು ಬೀರುವಿನಿಂದ ಗುಳಿಗೆ ತೆಗೆದಿಟ್ಟರು. ನಾನು ಬೆರಗಾಗಿ ನೋಡಿದ್ದಕ್ಕೆ, "ಇಲ್ಲೆ ಇನ್ನೊಬ್ಬರು ಒಯ್ತಾರ್ರಿ, ಅವರ ಸಲುವಾಗಿ ತರಸ್ತೇವಿ," ಎಂದರು. ಯಾರು ಎಂದು ಕೇಳಿದೆ. ಹೆಸರು ಹೇಳಂಗಿಲ್ಲ ಎಂದರು. ಎಷ್ಟೋ ದಿನ ಸಂತೆಯಲ್ಲಿ ಮಂದಿಯ ಮುಖ ನೋಡುತ್ತ ನಡೆದೆ, ಯಾರು ದಾರಿ ಮರೆತವರಂತೆ ನಿಂತಿದ್ದಾರೆ ಎಂದು. ಗೊತ್ತಾಗಲಿಲ್ಲ.

ಗುಳಿಗೆ ತಂದ ಮೇಲಿನ ಮೊದಲ ಭಾನುವಾರ ಸವದತ್ತಿಯ ಮೇಲೆ ಹೋಗುವ ಬಸ್ಸಿನಲ್ಲಿ ಊರಿಗೆ ಹೊರಟೆ. ಸಿಟ್ಟು ಅಂದರೆ ಅಂಥಿಂಥ ಸಿಟ್ಟಲ್ಲ, ಕಿವಿ ಬಿಸಿಯಾಗಿದ್ದವು. ನಿನ್ನ ಪಥ್ಯದಿಂದ ನನ್ನ ಬಾಳು ಹಾಳಾಯಿತು, ಡಾಕ್ಟರು ಇಲ್ಲ ಎಂದದ್ದನ್ನು ಇದೆ ಅಂದವಳು ನೀನು, ಎಂದು ದಾರಿಯುದ್ದಕ್ಕೂ ಬಾಯೊಳಗೇ ಬಯ್ದೆ. ಗುಳಿಗೆ ನುಂಗಿದ್ದೆ, ಆದ್ದರಿಂದ ಒಂದು ಮಾತೂ ಮರೆಯಲಿಲ್ಲ.

ಮಧ್ಯಾಹ್ನದ ಊಟದ ಮಂದಿ ಹೋಗಿದ್ದರು. ಅವ್ವ ನನಗೆ ತಾಟು ಹಾಕಿ ಎಣಗಾಯಿ ಬಡಿಸಿ, ತನ್ನ ತಾಟು ತಂದು ಎದುರು ಕುಂತಳು. "ಗುಳಿಗಿ ಮತ್ತ ಚಾಲೂ ಮಾಡೇನಿ," ಎಂದೆ. ಅವಳು ಕೈ ಚಾಚಿ ನನ್ನ ತಾಟಿನ ಬದನೆಕಾಯಿಯನ್ನು ಎತ್ತಿ ವಾಪಸು ಬೋಗುಣಿಗೆ ಹಾಕಿದಳು. ಬಾಯಿ ತೆರೆದೆ, ಈಗ ಹೇಳಿಯೇ ಬಿಡುತ್ತೇನೆ ಎಂದು. ಆಗ ಅವಳ ತಾಟು ಕಣ್ಣಿಗೆ ಬಿತ್ತು. ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿ ಕಟ್ಟು, ಒಣ ರೊಟ್ಟಿ.

"ನೀ ಯಾಕ ಇದನ್ನ ಉಣ್ಣಾಕತ್ತೀ?"

"ನಾ ಬದ್ನಿಕಾಯಿ, ಶೇಂಗಾ ಎಲ್ಲಾ ಬಿಟ್ಟೇನಲ್ಲ."

"ಯಾವಾಗ?"

"ನಿನಗ ಗುಳಿಗಿ ಚಾಲೂ ಮಾಡಿದಾಗ. ಕೂಸಿಗೆ ಔಷಧ ಕೊಟ್ರ ತಾಯಿ ಪಥ್ಯ ಮಾಡಬೇಕಲಬೇ."

"ಅದು ಮೊಲಿ ಕುಡಿಯೂ ಕೂಸಿಗೆ! ಮತ್ತ ಗುಳಿಗಿ ಬಿಡಿಸಿ ಎಷ್ಟ ವರ್ಷ ಆತು?"

"ಗುಳಿಗಿ ಬಿಡಿಸಿದ್ರು," ಎಂದಳು ಅವ್ವ, ರೊಟ್ಟಿ ಮುರಿಯುತ್ತ. "ನಿನಗ ಆರಾಮ ಆಗೇತಿ ಅಂತ ಯಾರೂ ಹೇಳಲಿಲ್ಲಲಾ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಅವಳ ತಾಟನ್ನೇ ನೋಡಿದೆ. ಗೋಡೆಯ ಹಿಂದೆ ನಾನೊಬ್ಬಳೇ ಎಂದುಕೊಂಡಿದ್ದೆ. ಅದೇ ತಾಟು, ಅದೇ ಸಪ್ಪೆ, ನಾನು ಎದ್ದು ಹೋದ ಮೇಲೆ ಅದೇ ಜಾಗದಲ್ಲಿ ಅವಳು ಕುಂತು ಉಂಡಿದ್ದಳು. ನಾನು ಬಿಟ್ಟ ಮೇಲೂ ಉಣ್ಣುತ್ತಲೇ ಇದ್ದಳು. ಪಥ್ಯ ಇರಲೇ ಇಲ್ಲ ಎಂದು ಹೇಳಿದರೆ ಈ ಹೆಂಗಸು ಮುಂದೆ ಹೇಗೆ ಉಣ್ಣುತ್ತಾಳೆ? ಯಾವುದನ್ನು ತಾನೇ ಉಣ್ಣುತ್ತಾಳೆ?

"ಇದು ಬ್ಯಾರೆ ಗುಳಿಗಿ ಬೇ," ಎಂದೆ. "ಆವಾಗಿಂದಕ್ಕ ಪಥ್ಯ ಇತ್ತು. ಇದಕ್ಕ ಇಲ್ಲ. ಡಾಕ್ಟರಬಾಯಿ ತಾವ ಹೇಳ್ಯಾರ, ತಾಯಿಗೂ ಬಿಡಸು ಅಂತ."

"ಖರೇನ?"

"ಖರೇ."

ಎರಡು ಎಣಗಾಯಿ ಎತ್ತಿ ಅವಳ ತಾಟಿಗೆ ಹಾಕಿದೆ. ಅವ್ವ ಬಹಳ ಹೊತ್ತು ನೋಡಿದಳು. ಸಣ್ಣ ತುಂಡು ಮುರಿದು ರೊಟ್ಟಿಯಲ್ಲಿ ಹಿಡಿದು ಬಾಯಿಗಿಟ್ಟಳು, ಕಣ್ಣು ಮುಚ್ಚಿ ಅಗಿದಳು. ಆಮೇಲೆ ಹುಬ್ಬು ಗಂಟಿಕ್ಕಿದವು.

"ಉಪ್ಪ ಭಾಳ ಆಗೇತಲ್ಲ. ಇಷ್ಟ ವರ್ಷ ಹಿಂಗ ಮಾಡಿ ಹಾಕೇನೇನ ಮಂದಿಗೆ? ಒಬ್ಬರರ ಹೇಳಬಾರದ?"

"ಯಾರ ಹೇಳತಾರ ಬೇ. ಚಲೋ ಐತಿ," ಎಂದು ನಾನು ತಾಟು ಮುಂದೆ ಮಾಡಿದೆ. "ನನಗೂ ಹಾಕು."